ಫೊಲಾಶಾದೆಯ ಸೊಪ್ಪಿನ ಸಾಲು

ಜೂನ್ ೧೪, ಶನಿವಾರ

ಆ ಖಾಲಿ ಸಾಲು ಕಣ್ಣಿಂದ ಹೋಗುತ್ತಲೇ ಇಲ್ಲ. ಆಫ್ರಿಕಾ ಮೂಲದ ಹೊಸ ರೈತರಿಗೆ ನೆಲ, ನೀರು, ಸಲಹೆ ಕೊಡುವ ಇನ್‌ಕ್ಯುಬೇಟರ್ ಫಾರ್ಮಿನಲ್ಲಿ ಇವತ್ತಿನಿಂದ ಸಲಹೆಗಾರ ನಾನು. ಧಾರವಾಡದ ಕೃಷಿ ಪದವಿ ಇದೆಯಲ್ಲ! ಆಮೇಲೆ ಹದಿನಾಲ್ಕು ವರ್ಷ ಈ ಚಳಿ ದೇಶದ ಸ್ಯಾಂಡಿಫರ್ಡ್‌ನ ಆಫೀಸೊಂದರಲ್ಲಿ ಕುರ್ಚಿ ಬಿಸಿ ಮಾಡಿದ್ದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ.

ನೈಜೀರಿಯಾದ ಫೊಲಾಶಾದೆ ನನಗೆ ಚಹಾ ತರಲು ಹೋದರು. ಬರುವಷ್ಟರಲ್ಲಿ ಅವರ ಪಾಲಿಹೌಸ್ ಚೊಕ್ಕ ಮಾಡಿಬಿಡೋಣ ಎಂದು ಒಂದು ಸಾಲು ಕಳೆಯನ್ನು ಪೂರ್ತಿ ಕಿತ್ತೆ. ನಮ್ಮೂರ ಬದುವಿನಲ್ಲಿ ದನವೂ ಮೂಸದ ಗಿಡ ಅದು. ತಾನಾಗಿ ಹುಟ್ಟಿದ್ದ ನಾಲ್ಕು ಹರಿವೆ ಗಿಡಕ್ಕೆ ಮಾತ್ರ ಭಕ್ತಿಯಿಂದ ನೀರು ಹಾಕಿದೆ.

ಅವರು ಚಹಾ ಹಿಡಿದು ನಿಂತೇಬಿಟ್ಟರು. "ನನ್ನ ಎವೆಡು ಎಲ್ಲಿ?"

ಏಪ್ರಿಲ್‌ನಲ್ಲಿ ಬಿತ್ತಿ, ಚಳಿಗೆ ಬಟ್ಟೆ ಹೊದಿಸಿ ಸಾಕಿದ ಸೊಪ್ಪಂತೆ. ಮೊದಲ ಕೊಯ್ಲನ್ನು ಚರ್ಚಿನವರಿಗೆಲ್ಲ ಹಂಚುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಅದರ ಕಂತೆ ನನ್ನ ಕೈಯಲ್ಲಿತ್ತು.

ಬೇರು ಉಳಿದಿದ್ದವನ್ನು ಇಬ್ಬರೂ ಮಂಡಿಯೂರಿ ಮತ್ತೆ ನೆಟ್ಟೆವು. ಮುರಿದದ್ದನ್ನು ಅವರು ಅಲ್ಲೇ ಸಾರು ಮಾಡಿದರು. ಬಸಳೆಯ ಹಾಗೆ ಲೋಳೆ ಲೋಳೆ. ನಾಚಿಕೆ ಬಿಟ್ಟು ಎರಡನೇ ಬಟ್ಟಲೂ ಕೇಳಿದೆ.

ಮನೆಗೆ ಬಂದರೆ ಹೆಂಡತಿ ವಿನುತಾ, "ಏನ್ ಕಲಿಸಿದ್ರಿ?" ಅಂದಳು. "ಎಲ್ಲಾ ಗ್ರ್ಯಾಂಡ್ ಆಗಿತ್ತು ಕಣೆ" ಎಂದು ಸ್ನಾನಕ್ಕೆ ಓಡಿದೆ.

ಹೊರಡುವಾಗ ಫೊಲಾಶಾದೆ ಹೇಳಿದ್ದು: ಮುಂದಿನ ಶನಿವಾರವೂ ಬರಬೇಕಂತೆ. ಸಲಹೆಗಲ್ಲ, ಹೊಲದ ಕಲ್ಲು ಆರಿಸುವುದಕ್ಕೆ. "ಕಲ್ಲು ಯಾವುದು ಅಂತ ಗೊತ್ತಾಗುತ್ತಲ್ಲ?" ಎಂದು ಕೇಳಿದರು. ಗೊತ್ತಾಗುತ್ತೆ ಅಂದೆ.

ಆದರೂ ಒಂದೊಂದನ್ನೂ ತೋರಿಸಿ, ಕೇಳಿಯೇ ಎತ್ತುತ್ತೇನೆ.