ಪಂಜರದ ಮೇಲೆ ಹೊಸ ಲುಂಗಿ

ಭಾನುವಾರ, ೧೮ ಜನವರಿ

ಒಂದೇ ಹಕ್ಕಿ ಎಂದು ನಮ್ಮವರಿಗೆ ಮಾತು ಕೊಟ್ಟು ದಹಿಸರಿಗೆ ಹೋದವಳು ಎರಡು ಲವ್‌ಬರ್ಡ್ ತಂದೆ. ಯಾರೋ ಖಾಲಿ ಫ್ಲ್ಯಾಟಿನಲ್ಲಿ ಬಿಟ್ಟುಹೋದ ಜೋಡಿಯಂತೆ. ಕಾಪಾಡಿ ಸಾಕಿದ ಹುಡುಗಿ ಅವನ್ನು ಬೇರೆ ಮಾಡಲು ಒಪ್ಪಲೇ ಇಲ್ಲ. ದಾರಿಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡೇ ಕೂತಿದ್ದವು.

ನಮ್ಮವರು ಗ್ರಾಂಟ್ ರೋಡಿನ ಹೋಟೆಲಿನಿಂದ ಬಂದವರೇ ಗುಡುಗಿದರು. "ಎರಡೆರಡು ಎಂಥಕ್ಕೆ ಮಾರಾಯ್ತಿ? ನಾಳೆಯೇ ವಾಪಸ್ ಕೊಟ್ಟು ಬಾ!" ನಾನು ಅನ್ನ ಬಡಿಸಿದೆ.

ಪಾತ್ರೆ ತೊಳೆದು ಬಂದು ನೋಡಿದರೆ ಪಂಜರದ ಮೇಲೆ ಅವರದೇ ಹೊಸ ಲುಂಗಿ. ಟಿವಿಯಲ್ಲಿ ಕ್ರಿಕೆಟ್ ಓಡುತ್ತಿದೆ, ಸದ್ದೇ ಇಲ್ಲ.

"ಸೌಂಡ್ ಹೋಯ್ತಾ?" ಎಂದು ಕೇಳಿದೆ.

"ಶ್! ಅವು ಮಲಗಿದ್ದಾವೆ."

ಮದುವೆಯಾದಾಗಿನಿಂದ ನಾನು ಇದೇ ಟಿವಿಯ ಪಕ್ಕ ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದೇನೆ. ನಾಳೆಯಿಂದ ನಾನೂ ಒಂದು ಲುಂಗಿ ಹೊದ್ದು, ಪಂಜರದ ಪಕ್ಕದಲ್ಲೇ ಮಲಗುತ್ತೇನೆ.