ಏಳು ತುಂಡಿನ ಡೇನಿಶ್ ಪದ

ಮಾರ್ಚ್ ೧೪, ಶನಿವಾರ

ಅರ್ಧ ನುಡಿದು ಅರ್ಧ ನುಂಗುವ ಡೇನಿಶ್ ಭಾಷಾ ಮಹಾಸನ್ನಿಧಾನಕ್ಕೆ, ಬಾಕ್ಸ್ ಹಿಲ್ ಫ್ಲ್ಯಾಟಿನ ಇವಾನ್ ಮಾಡುವ ಸಾಷ್ಟಾಂಗ ಪ್ರಣಾಮಗಳು.

ಅಕ್ಕ ಮೆಲಿಶಾಳ ಭಾವೀ ಅತ್ತೆ ಕಿರ್ಸ್ಟನ್ ಡೆನ್ಮಾರ್ಕಿನಿಂದ ಬಂದಿದ್ದಾರೆ. ಇಂದು ನಮ್ಮಲ್ಲೇ ಊಟ. ಮದುವೆಯ ಸಿದ್ಧತೆಗಳೆಲ್ಲ ಮುಗಿದಿವೆ ಎಂದು ಅವರ ಭಾಷೆಯಲ್ಲೇ ಹೇಳಬೇಕೆಂಬುದು ಮಮ್ಮಿಯ ಹಟ. ಮಗಳು ಹೋಗುವ ಮನೆಯವರಿಗೆ ನಾವು ಪರಕೀಯರೆನಿಸಬಾರದಂತೆ. ಆದರೆ ‘ಮದುವೆಯ ಸಿದ್ಧತೆ’ಗೆ ಅಲ್ಲಿ ರೈಲಿನಷ್ಟು ಉದ್ದದ ಒಂದೇ ಪದ: ಬ್ರೊಲಪ್ಸ್‌ಫೊರ್‌ಬೆರೇದೆಲ್ಸರ್.

“ಅಂಜಲ್ ಮೀನಿನ ಹಾಗೆ ತುಂಡು ಮಾಡಿ ಕೊಡು ಪುತಾ” ಅಂದರು ಮಮ್ಮಿ. ಏಳು ತುಂಡು ಮಾಡಿಕೊಟ್ಟೆ.

ಊಟದ ಮೇಜಿನ ಮುಂದೆ ಮಮ್ಮಿ ಎದ್ದು ನಿಂತು, ಕಣ್ಣು ಮುಚ್ಚಿ, ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಸಂತರ ಹೆಸರು ಹೇಳುವ ಧಾಟಿಯಲ್ಲೇ ಎಳೆದರು: “ಬ್ರೊ... ಲಪ್ಸ್...”

ಉಸಿರಿಗೆ ನಿಂತದ್ದೇ ತಡ, ನಾನು “ಆಮ್ಚೆ ಖಾತಿರ್ ವಿನತಿ ಕರ್” ಎಂದೆ. ಪ್ರತಿ ಸಂತರ ಹೆಸರಿಗೂ ಮನೆಯವರೆಲ್ಲ ಕೊಡುವ ಉತ್ತರ ಅದು: ನಮಗಾಗಿ ಪ್ರಾರ್ಥಿಸು! ಪಪ್ಪನೂ ದನಿಗೂಡಿಸಿದರು.

ಮಮ್ಮಿಯ ಮುಖ ಸಪ್ಪಗಾಯಿತು.

“ಇವತ್ತಾದ್ರೂ ಸುಮ್ನಿರ್ಲಿಕ್ಕೆ ಆಗುದಿಲ್ವಾ ಮಾರಾಯಾ ನಿಂಗೆ?” ಮೆಲಿಶಾ ನನ್ನ ಕಾಲು ತುಳಿದಳು.

ಕಿರ್ಸ್ಟನ್ ವಿಷಯ ಕೇಳಿ ತಿಳಿದುಕೊಂಡು ಮಮ್ಮಿಯ ಪಕ್ಕ ಬಂದು ನಿಂತರು. ಪದದ ನಡುವಿನ ‘ದ’ ನಾಲಿಗೆಯ ಮೇಲೆ ಕರಗಬೇಕೆಂದು ತೋರಿಸಿ, ಮಮ್ಮಿಯ ಧಾಟಿಯಲ್ಲೇ ಪದ ಶುರುಮಾಡಿದರು. ಪ್ರತಿ ತುಂಡಿಗೂ ಉತ್ತರ ಕೊಡಿ ಎಂದು ನಮ್ಮತ್ತ ಕೈ ಬೀಸಿದರು. ಮಮ್ಮಿ ನಕ್ಕದ್ದು ಆಗಲೇ.

ಇದು ನನ್ನ ಈವರೆಗಿನ ಶ್ರೇಷ್ಠ ಕೀಟಲೆಯೆಂದು ಎಲ್ಲರೂ ಹೇಳುತ್ತಿದ್ದಾರೆ. ನಾನೂ ತಲೆಬಾಗಿ ಹೊಗಳಿಕೆ ಸ್ವೀಕರಿಸಿದೆ.

ಕೀಟಲೆಯಾಗಿರಲಿಲ್ಲ. ಪ್ರಾರ್ಥನೆಗೆ ಚಕ್ಕರ್ ಹೊಡೆಯುವ ಈ ಬಾಯಿಗೆ ಅದು ತಾನಾಗಿಯೇ ಬಂತು.