ಮಡ್‌ಗಾರ್ಡಿನ ಮೇಲಿನ ಹೆಸರು

ದಾನವ್ವ,

ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಒಲೆಯ ಪಕ್ಕದಲ್ಲಿದೆ. ನಾನು ಕಳೆ ತೆಗೆಯಲು ಹೊಲಕ್ಕೆ ಹೊರಟೆ.

ನಿನ್ನೆ ಮುಳವಾಡಕ್ಕೆ ಹೋಗುವಾಗ, ಟ್ರ್ಯಾಕ್ಟರಿಗೆ ಹೊಸ ಬಣ್ಣ ಹಚ್ಚಿದರೂ ಹೆಸರು ಉಳಿಸುತ್ತೀಯಲ್ಲ ಎಂದು ಎರಡು ಸಲ ಕೇಳಿದ್ದೆ. "ಅವ್ವ, ಅಪ್ಪನ ಹೆಸರಿಗೆ ಕೈ ಹಚ್ಚಂಗಿಲ್ಲ, ನೀ ಆರಾಮ ಹೋಗಿ ಬಾ" ಎಂದವಳು ನೀನು. ಬೆಳಿಗ್ಗೆ ನೋಡಿದರೆ ಹಳೇ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಬರೀ ತಗಡು. ನಿಮ್ಮಪ್ಪ ಸ್ವಂತ ಕೈಯಿಂದ ಬರೆದ ಹೆಸರನ್ನು ಉಜ್ಜಿ ತೆಗೆದಿದ್ದೀಯ. ತುಕ್ಕಿನ ಮೇಲೆ ಬಣ್ಣ ನಿಲ್ಲದೆಂದು ನನಗೂ ಗೊತ್ತು. ಆದರೆ ನನ್ನನ್ನು ಊರಿಗೆ ಕಳಿಸಿ ಉಜ್ಜಿದೆಯಲ್ಲ!

ಗಂಡನ ಹೆಸರನ್ನು ಬಾಯಿಂದ ಹೇಳಬಾರದವಳು ನಾನು. ಅವರು ತೀರಿಕೊಂಡ ಮೇಲೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆಯುವಾಗ ಆ ಅಕ್ಷರಗಳ ಮೇಲೆ ಬೆರಳಾಡಿಸಿಯೇ ಅವರನ್ನು ಕರೆಯುತ್ತಿದ್ದೆ.

ಎಂಜಿನ್ನಿನ ಕೆಳಗೆ ಜಿಡ್ಡು ಹಾಗೇ ಇದೆ. ಡೀಸೆಲ್ ಹಚ್ಚಿದ ಅರಿವೆಯಿಂದ ಒರೆಸಿ, ಸಾಬೂನು ನೀರಿನಿಂದ ತೊಳೆ. ದೀಪಗಳಿಗೆ ಪೇಪರ್ ಸುತ್ತು. ಮೊದಲ ಕೋಟ್ ಪೂರ್ತಿ ಒಣಗುವ ತನಕ ಕೆಂಪು ಹಚ್ಚಬೇಡ, ಸುಕ್ಕು ಬೀಳುತ್ತದೆ. ಉಂಡು ಕೆಲಸಕ್ಕೆ ಇಳಿ.

ಬಿಳಿ ಬಣ್ಣ, ಸಣ್ಣ ಕುಂಚ ನನ್ನ ಟ್ರಂಕಿನಲ್ಲಿವೆ, ಹುಡುಕಬೇಡ. ಆ ಹೆಸರನ್ನು ಇನ್ನು ನಾನೇ ಬರೆಯುತ್ತೇನೆ. ಹೇಳಬಾರದು ಎಂದಿದ್ದಾರೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ.

ಅವ್ವ